ನೋಡುವಾಗ ತಿಳಿಯುತ್ತದೆ, ಬರೆಯಲು ಕೂತರೆ ಬರುವುದಿಲ್ಲ

ಪ್ರಶ್ನೆ: ನನಗೆ 52 ವರ್ಷ. 28 ವರ್ಷಗಳಿಂದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವೆಬ್ ಡೆವಲಪ್‌ಮೆಂಟ್ ಕಲಿಯುವ ಆಸೆಯಿಂದ ನಾಲ್ಕು ತಿಂಗಳು ಪ್ರತಿ ರಾತ್ರಿ ವಿಡಿಯೊ ಪಾಠಗಳನ್ನು ನೋಡಿದೆ. ನೋಡುವಾಗ ಎಲ್ಲವೂ ತಿಳಿಯುತ್ತದೆ. ಖಾಲಿ ಫೈಲು ತೆರೆದು ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ. ಮಗನನ್ನು ಕೇಳಿದರೆ ನಕ್ಕು, ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ತಾನೇ ಮುಗಿಸಿಬಿಡುತ್ತಾನೆ. ನೀನು ಕಲಿಯುವಷ್ಟರಲ್ಲಿ ಅದೆಲ್ಲ ಹಳತಾಗಿರುತ್ತದೆ ಎನ್ನುತ್ತಾನೆ. ಕೆಲಸ ಬಿಟ್ಟು ಪೂರ್ಣಾವಧಿ ಕೋರ್ಸಿಗೆ ಸೇರಲೇ ಅಥವಾ ಈ ವಯಸ್ಸಿಗೆ ಇದು ಆಗದ ಮಾತೆಂದು ಕೈಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ವಯಸ್ಸಿನ ಮಾತು ಮತ್ತೆ ಮತ್ತೆ ಬಂದರೂ, ನೀವು ವಿವರಿಸಿರುವ ತೊಂದರೆ ವಯಸ್ಸಿನದಲ್ಲ. ಪಾಠ ನೋಡುವಾಗ ತಿಳಿದು, ಬರೆಯುವಾಗ ಕೈಕಟ್ಟಿದಂತಾಗುವುದು ಇಪ್ಪತ್ತರ ಹುಡುಗರಿಗೂ ಆಗುತ್ತದೆ. ಇನ್ನೊಬ್ಬರು ಬರೆದ ಸಾಲನ್ನು ಗುರುತಿಸುವುದು ಬೇರೆ, ಆ ಸಾಲನ್ನು ತಾನೇ ಹುಟ್ಟಿಸುವುದು ಬೇರೆ. ನಾಲ್ಕು ತಿಂಗಳು ನೀವು ಮೊದಲನೆಯದನ್ನು ಮಾತ್ರ ಅಭ್ಯಾಸ ಮಾಡಿದ್ದೀರಿ. ಐವತ್ತು ದಾಟಿದ ಮೇಲೆ ಹೊಸ ಪದಗಳು ನೆನಪಿನಲ್ಲಿ ನಿಲ್ಲಲು ಹೆಚ್ಚು ಸಲ ಓದಬೇಕಾಗುತ್ತದೆ ಎಂಬುದು ನಿಜವೇ. ಆದರೆ ಈ ವೃತ್ತಿಯಲ್ಲಿ ನುರಿತವರೂ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿರುವುದಿಲ್ಲ. ದಿನಕ್ಕೆ ಹತ್ತಾರು ಸಲ ಆಕರಗಳನ್ನು ತೆರೆದು ನೋಡುತ್ತಾರೆ.

ಹಾಗಾಗಿ ಇಂದಿನಿಂದ ಹತ್ತು ನಿಮಿಷ ಪಾಠ ನೋಡಿದ ಮೇಲೆ ಅದನ್ನು ಮುಚ್ಚಿ, ನೋಡದೆ ಬರೆಯಲು ಯತ್ನಿಸಿ. ತಪ್ಪಾಗುತ್ತದೆ, ಆಗಲಿ. ಇಲ್ಲಿ ನಿಮ್ಮ ಕೈಯಲ್ಲಿ, ನೀವು ಗಮನಿಸದಿರುವ ಒಂದು ಬಂಡವಾಳವಿದೆ. ಟ್ರಯಲ್ ಬ್ಯಾಲೆನ್ಸ್, ಅಂದರೆ ಜಮಾ-ಖರ್ಚುಗಳ ತಾಳೆಪಟ್ಟಿ, ಸರಿಹೊಂದದಿದ್ದಾಗ ನೀವು ಗಾಬರಿಯಾಗುವುದಿಲ್ಲ. ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು ಮೊದಲು ನೋಡುತ್ತೀರಿ, ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದೆಂದು ಹುಡುಕಲು ಹೊರಡುತ್ತೀರಿ. ಕೋಡಿನ ದೋಷ ಹುಡುಕುವುದೂ ಇದೇ ಜಾತಿಯ ಕೆಲಸ. ಬ್ರೌಸರಿನಲ್ಲಿ ಡೆವಲಪರ್ ಟೂಲ್ಸ್ ತೆರೆದು ದೋಷಗಳ ಸಂದೇಶ ಕಾಣುವ ಕನ್ಸೋಲ್ ನೋಡಿದರೆ, ಪುಟಕ್ಕೆ ಕೆಲಸ ಮಾಡಿಸುವ ಭಾಷೆಯಾದ ಜಾವಾಸ್ಕ್ರಿಪ್ಟ್ ಯಾವ ಸಾಲಿನಲ್ಲಿ ಮುಗ್ಗರಿಸಿತೆಂದು ಸಾಲಿನ ಸಂಖ್ಯೆಯ ಸಮೇತ ತಿಳಿಸುತ್ತದೆ. ಒಂದು ಹೆಸರು 'ನಾಟ್ ಡಿಫೈನ್ಡ್' ಎಂದು ಅದು ದೂರಿದರೆ, ಹೆಚ್ಚಿನ ಸಲ ನೀವು ಕಾಗುಣಿತ ತಪ್ಪಿರುತ್ತೀರಿ ಅಥವಾ ದೊಡ್ಡಕ್ಷರದ ಬದಲು ಸಣ್ಣಕ್ಷರ ಹಾಕಿರುತ್ತೀರಿ. ಪುಟದ ರಚನೆಯನ್ನು ಬರೆಯುವ ಎಚ್‌ಟಿಎಮ್‌ಎಲ್‌ನ ಸ್ವಭಾವ ಇದಕ್ಕೆ ವಿರುದ್ಧ: ಒಂದು ಭಾಗ ಎಲ್ಲಿ ಮುಗಿಯಿತೆಂದು ಹೇಳುವ ಗುರುತಾದ ಮುಚ್ಚುವ ಟ್ಯಾಗ್ ಮರೆತರೂ ಬ್ರೌಸರ್ ಮೌನವಾಗಿ ಸರಿದೂಗಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ಸೌಜನ್ಯವೇ ಹೊಸಬರಿಗೆ ಹೆಚ್ಚು ತೊಂದರೆ ಕೊಡುವುದು.

ಎಲ್ಲವೂ ಹಳತಾಗುತ್ತದೆ ಎಂಬ ನಿಮ್ಮ ಮಗನ ಮಾತು ಅರ್ಧ ಸತ್ಯ. ಚೌಕಟ್ಟುಗಳು, ಅಂದರೆ ಕೆಲಸ ಹಗುರಮಾಡಲು ಇತರರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಬದಲಾಗುತ್ತವೆ, 2006ರಲ್ಲಿ ಬಂದ ಜೆಕ್ವೆರಿ ಒಂದು ಕಾಲದಲ್ಲಿ ಎಲ್ಲೆಲ್ಲೂ ಇತ್ತು, 2013ರಲ್ಲಿ ಬಂದ ರಿಯಾಕ್ಟ್ ಆ ಮನ್ನಣೆಯ ದೊಡ್ಡ ಪಾಲನ್ನು ಪಡೆಯಿತು. ಆದರೆ ಅವುಗಳ ಕೆಳಗಿನ ನೆಲ ಅಷ್ಟು ಸುಲಭವಾಗಿ ಅಲುಗುವುದಿಲ್ಲ. ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ರೂಪಿಸಿದ ಮೊದಲ ಜಾಲಪುಟವನ್ನು ಇಂದಿನ ಬ್ರೌಸರಿನಲ್ಲೂ ಓದಬಹುದು. ಎಚ್‌ಟಿಎಮ್‌ಎಲ್, ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್ ಮತ್ತು 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್, ಈ ಮೂರರಲ್ಲಿ ಗಟ್ಟಿಯಾಗುವವರೆಗೆ ಚೌಕಟ್ಟುಗಳ ಸುದ್ದಿಗೇ ಹೋಗಬೇಡಿ.

ವಯಸ್ಸಾದವರ ಸಾಧನೆಗಳನ್ನು ಉದಾಹರಿಸುವುದೆಂದರೆ ನನಗೆ ಸ್ವಲ್ಪ ಸಂಕೋಚ. ಅಪರೂಪದವರನ್ನು ತೋರಿಸಿ ಉಳಿದವರನ್ನು ಕುಗ್ಗಿಸಿದಂತಾಗುತ್ತದೆ. ಆದರೂ ಜಪಾನಿನ ಮಸಾಕೊ ವಾಕಾಮಿಯಾ ಅವರನ್ನು ನೆನೆಯುತ್ತೇನೆ. ಹಿರಿಯರಿಗೆ ಒಪ್ಪುವ ಆಟಗಳು ಫೋನಿನಲ್ಲಿಲ್ಲವೆಂದು, 2017ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಅವರೇ ಒಂದು ಆಟದ ಆ್ಯಪ್ ತಯಾರಿಸಿದರು. ತಮಗೆ ನಿಜವಾಗಿ ಬೇಕಿದ್ದ ಒಂದು ವಸ್ತುವಿನಿಂದ ಅವರು ಆರಂಭಿಸಿದರು ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

ರಾಜೀನಾಮೆಯ ವಿಚಾರದಲ್ಲಿ ನನ್ನ ಉತ್ತರ ಚಿಕ್ಕದು: ಬೇಡ. ಕಲಿಯಬಲ್ಲೆನೇ ಎಂಬುದೂ ಇದರಿಂದ ಉದ್ಯೋಗ ಸಿಗುವುದೇ ಎಂಬುದೂ ಎರಡು ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಹೌದೆನ್ನಬಲ್ಲೆ, ಎರಡನೆಯದಕ್ಕೆ ಯಾರೂ ಭರವಸೆ ಕೊಡಲಾರರು, ಅದರಲ್ಲೂ ಹೊಸಬರನ್ನು ಆಯ್ಕೆ ಮಾಡುವಾಗ ವಯಸ್ಸು ನೋಡುವ ಕಡೆಗಳು ಇದ್ದೇ ಇವೆ. ಎಂಡಿಎನ್ ಮತ್ತು ಫ್ರೀಕೋಡ್‌ಕ್ಯಾಂಪ್ ಎಂಬ ಕಲಿಕೆಯ ಜಾಲತಾಣಗಳು ಉಚಿತವಾಗಿವೆ. ಆರು ತಿಂಗಳು, ದಿನಕ್ಕೆ ಒಂದು ಗಂಟೆ ಅವುಗಳೊಂದಿಗೆ ಕಳೆದ ಮೇಲೂ ಕೋರ್ಸು ಬೇಕೆನಿಸಿದರೆ ಆಗ ಯೋಚಿಸಬಹುದು.

ಮೊದಲ ಕೆಲಸವಾಗಿ ನಿಮಗೆ ಚೆನ್ನಾಗಿ ಗೊತ್ತಿರುವುದನ್ನೇ ಆರಿಸಿಕೊಳ್ಳಿ: ಅಸಲು ಮತ್ತು ಬಡ್ಡಿಯನ್ನು ತುಂಬಲು ಎರಡು ಪೆಟ್ಟಿಗೆಗಳು, ಒಂದು ಗುಂಡಿ, ಒತ್ತಿದರೆ ಅವುಗಳ ಮೊತ್ತ. ಅಷ್ಟರಲ್ಲೇ ಲೆಕ್ಕಿಗರಿಗೆ ಮಾತ್ರ ಆಗುವಂಥ ಆಘಾತಗಳು ನಿಮಗೆ ಕಾದಿವೆ. 0.1 ಮತ್ತು 0.2 ಕೂಡಿಸಿದರೆ ಜಾವಾಸ್ಕ್ರಿಪ್ಟ್ 0.30000000000000004 ಎನ್ನುತ್ತದೆ, ಏಕೆಂದರೆ ಅದು ದಶಮಾಂಶಗಳನ್ನು 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಇಡುತ್ತದೆ ಮತ್ತು ಆ ಪದ್ಧತಿಯಲ್ಲಿ 0.1 ನಿಖರವಾಗಿ ಕೂರುವುದಿಲ್ಲ. ಪೆಟ್ಟಿಗೆಗಳಲ್ಲಿ 5 ಮತ್ತು 5 ತುಂಬಿ ಕೂಡಿಸಿದರೆ ಬರುವುದು 10 ಅಲ್ಲ, 55.

ಆ 55 ಬಂದ ದಿನ ಮಗನನ್ನು ಕೂಡಲೇ ಕರೆಯಬೇಡಿ. ಪೆಟ್ಟಿಗೆಯಿಂದ ಹೊರಬಂದದ್ದು ಅಂಕಿಯೋ ಅಕ್ಷರವೋ ಎಂದು ಅರ್ಧ ಗಂಟೆ ನೀವೇ ಹುಡುಕಿ. ಆಮೇಲೂ ಸಿಗದಿದ್ದರೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸಾಲೂ ಏನು ಮಾಡುತ್ತದೆಂದು ನೀವು ಅವನಿಗೆ ವಿವರಿಸುತ್ತ ಹೋಗಿ. ಅವನು ಕೇಳಿಸಿಕೊಳ್ಳಲಿ, ಬೇಕಾದರೆ ನಗಲಿ, ಕೀಬೋರ್ಡ್ ಮಾತ್ರ ನಿಮ್ಮ ಮುಂದೆಯೇ ಇರಲಿ.