ಶಿವಮೊಗ್ಗದಂತಹ ನಗರದ ಆಡಳಿತದಲ್ಲಿ ನಾಗರಿಕ ಸಮಿತಿಗಳ ಪಾತ್ರವೇನು?

1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. 2011ರ ಜನಗಣತಿಯಲ್ಲೇ ಆ ಮಿತಿಯನ್ನು ದಾಟಿದ ಶಿವಮೊಗ್ಗಕ್ಕೂ ಇದು ಅನ್ವಯಿಸುತ್ತದೆ. ಚರಂಡಿ, ಕಸ, ಬೀದಿದೀಪದಂತಹ ವಿಷಯಗಳನ್ನು ಬಡಾವಣೆಯವರೇ ಪಾಲಿಕೆಯ ಮುಂದಿಡಲು ಇದೊಂದು ಅಧಿಕೃತ ವೇದಿಕೆ.

ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಪರಿಣಾಮಕಾರಿಯಾದದ್ದು, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ರಚಿಸಬೇಕಾದ ಪಟ್ಟಣ ವ್ಯಾಪಾರ ಸಮಿತಿ. ಆಯುಕ್ತರು ಅಧ್ಯಕ್ಷರಾಗಿರುವ ಈ ಸಮಿತಿಯ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ತಮ್ಮೊಳಗಿನಿಂದ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಮಳೆಗಾಲದಲ್ಲಿ ಗಾಂಧಿ ಬಜಾರಿನ ಬದಿಯಲ್ಲಿ ತಾಡಪಾಲಿನಡಿ ಕುಳಿತು ಕಳಲೆ ಮಾರುವ ಮಹಿಳೆಗೆ ಎಲ್ಲಿ ಜಾಗ ಕೊಡಬೇಕು, ಯಾವ ರಸ್ತೆಯನ್ನು ವ್ಯಾಪಾರಮುಕ್ತವಾಗಿಡಬೇಕು ಎಂಬ ಚರ್ಚೆಯಲ್ಲಿ ಆಕೆಯ ಪ್ರತಿನಿಧಿಗೂ ಮಾತನಾಡುವ ಅಧಿಕಾರ ಹೀಗೆ ದೊರೆಯುತ್ತದೆ. ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಈ ಸಮೀಕ್ಷೆಯನ್ನು 5 ವರ್ಷಕ್ಕೊಮ್ಮೆಯಾದರೂ ನಡೆಸಬೇಕು. ದುಡಿಯುವವರ ಅನ್ನದ ಪ್ರಶ್ನೆ ಇದಾದ್ದರಿಂದ ಸಭೆಗಳು ಕಾಲಕಾಲಕ್ಕೆ ನಡೆಯಲೇಬೇಕು.

ಇದಲ್ಲದೆ, 2002ರ ಜೀವವೈವಿಧ್ಯ ಕಾಯ್ದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಸ್ಥಳೀಯರ ಸಲಹೆ ಪಡೆದು ಜನತಾ ಜೀವವೈವಿಧ್ಯ ದಾಖಲಾತಿಯನ್ನು, ಅಂದರೆ ಆ ಪ್ರದೇಶದ ಸಸ್ಯ, ಪ್ರಾಣಿಗಳು ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯ ದಾಖಲೆಯನ್ನು, ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ.