ಎಲೆ ಉದುರುವ ಕಾಲದಲ್ಲಿ ಪುಟ್ಟ ಮಕ್ಕಳಿಗೆ ಮೈಂಡ್‌ಫುಲ್‌ನೆಸ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಅಕ್ಟೋಬರ್ ಬಂತು ಅಂದರೆ ಅಮೆರಿಕದ ಪೂರ್ವ ಭಾಗದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಂದ ಪತ್ರಗಳು ಶುರುವಾಗುತ್ತವೆ. ಪ್ರಿಸ್ಕೂಲ್‌ನಲ್ಲಿ ‘ಫಾಲ್’, ಅಂದರೆ ಎಲೆ ಉದುರುವ ಕಾಲದ ಥೀಮ್ ನಡೀತಿರುತ್ತದೆ, ಅದರ ಜೊತೆಗೆ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಕಾಣುವ, ಕೇಳುವ, ಮುಟ್ಟುವುದರ ಮೇಲೆ ಪೂರ್ತಿ ಗಮನ ಇಡೋದು) ಅಂತ ಒಂದು ಚೀಟಿಯೂ ಮನೆಗೆ ಬಂದಿರುತ್ತದೆ. ಮೂರರಿಂದ ಐದು ವರ್ಷದ ಮಕ್ಕಳ ಬಗ್ಗೆ ಬಂದ ಕೆಲವು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗನಿಗೆ ನಾಲ್ಕು ವರ್ಷ. ದಿನಾ ಸಂಜೆ ಫೋನಿನಲ್ಲಿ ಆ್ಯಪ್ ಹಾಕಿ, ಕಣ್ಣು ಮುಚ್ಚಿ ಕೂತ್ಕೋ ಅಂತೀನಿ. ಅರ್ಧ ನಿಮಿಷಕ್ಕೆ ಎದ್ದು ಓಡ್ತಾನೆ. ಅವನಿಗೆ ಏಕಾಗ್ರತೆ ಕಡಿಮೆಯಾ?

ಇಲ್ಲ. ನಾಲ್ಕು ವರ್ಷದ ಮಗು ಅರ್ಧ ನಿಮಿಷ ಕಣ್ಣು ಮುಚ್ಚಿ ಕೂತಿದ್ದೇ ದೊಡ್ಡದು. ಈ ವಯಸ್ಸಿನಲ್ಲಿ ಗಮನ ನಿಲ್ಲುವುದು ಕೈಯಲ್ಲಿ ಏನಾದರೂ ಇದ್ದಾಗ. ಸುಮ್ನೆ ಕೂತ್ಕೋ ಅಂದರೆ ಅವನಿಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ. ಆ್ಯಪ್ ಬಿಡಿ. ಹೊರಗೆ ಕರ್ಕೊಂಡು ಹೋಗಿ.

ನಿಮ್ಮ ಬೀದಿಯಲ್ಲೇ ಮೇಪಲ್ ಮರ ಇರುತ್ತದೆ, ಹೆಚ್ಚೂಕಡಿಮೆ ಎಲ್ಲ ಬೀದಿಯಲ್ಲೂ ಇದೆ. ಒಂದೇ ಒಂದು ಎಲೆ ಆರಿಸ್ಕೋ ಅನ್ನಿ. ಅವನು ಹತ್ತು ಎತ್ತಿಕೊಳ್ಳುತ್ತಾನೆ, ಎತ್ತಿಕೊಳ್ಳಲಿ, ಆಮೇಲೆ ಒಂದು ಇಟ್ಟುಕೊಂಡು ಉಳಿದಿದ್ದು ಬಿಡಬೇಕು. ನೀವೂ ಒಂದು ತಗೊಳ್ಳಿ. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲೆ ನೋಡಿ. ನರಗಳ ಮೇಲೆ ಬೆರಳು ಓಡಿಸಲಿ. ಮುಂದಿನ ಕಡೆ ನುಣುಪು, ಹಿಂದಿನ ಕಡೆ ನರ ಉಬ್ಬಿರುತ್ತದೆ, ಅದು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಹುಳ ತಿಂದ ತೂತು ಎಷ್ಟಿದೆ? ಯಾವ ತುದಿ ಮುರಿದಿದೆ? ಮೂಗಿನ ಹತ್ತಿರ ಹಿಡಿದರೆ ವಾಸನೆ ಹೇಗಿದೆ? ನೀವು ಪಾಠ ಮಾಡಬೇಡಿ, ನಿಮ್ಮ ಎಲೆಯಲ್ಲಿ ಕಂಡಿದ್ದನ್ನು ಹೇಳುತ್ತಾ ಹೋಗಿ. “ನಂದರಲ್ಲಿ ಇಲ್ಲಿ ಒಂದು ಕಪ್ಪು ಚುಕ್ಕೆ ಇದೆ” ಅಂದರೆ ಸಾಕು, ಅವನು ತನ್ನ ಎಲೆಯಲ್ಲಿ ಚುಕ್ಕೆ ಹುಡುಕೋಕೆ ಶುರು ಮಾಡುತ್ತಾನೆ.

ಆಮೇಲೆ ಆಟ. ಅವನ ಎಲೆಯನ್ನು ಅದೇ ಬಣ್ಣದ ಏಳೆಂಟು ಎಲೆಗಳ ಜೊತೆ ಬೆರೆಸಿ ಹರಡಿ. ನಿನ್ನ ಎಲೆ ಯಾವುದು? ಚೆನ್ನಾಗಿ ನೋಡಿದ್ದರೆ ಹುಡುಕಿಬಿಡುತ್ತಾನೆ. ಹುಡುಕಿದಾಗ ಆ ಮುಖ ನೋಡಬೇಕು ನೀವು. ಎಲ್ಲ ಸೇರಿ ಐದು ನಿಮಿಷ, ಅಷ್ಟೇ. ನಾಳೆ ಬೇಕು ಅಂದರೆ ನಾಳೆ, ಬೇಡ ಅಂದರೆ ಬೇಡ.

ಅವನು ಖಂಡಿತ ಕೇಳುವ ಪ್ರಶ್ನೆ: ಎಲೆ ಯಾಕೆ ಕೆಂಪಾಯ್ತು? ನಿಜವಾದ ಉತ್ತರವನ್ನೇ ಕೊಡಿ, ಮಕ್ಕಳಿಗೆ ಅದು ಅರ್ಥವಾಗುತ್ತದೆ. ಹಗಲು ಕಡಿಮೆಯಾಗಿ ಚಳಿ ಶುರುವಾದಾಗ ಮರ ಎಲೆಯೊಳಗಿನ ಹಸಿರನ್ನು, ಅಂದರೆ ಪತ್ರಹರಿತ್ತನ್ನು, ಹೊಸದಾಗಿ ಮಾಡೋದು ನಿಲ್ಲಿಸುತ್ತದೆ. ಇದ್ದಿದ್ದು ಕರಗಿ ಹೋಗುತ್ತದೆ. ಆಗ ಮೊದಲಿಂದಲೂ ಒಳಗೇ ಇದ್ದ ಹಳದಿ ಕಾಣಿಸುತ್ತದೆ. ಕೆಂಪು ಮಾತ್ರ ಬೇರೆ ಕತೆ, ಅದು ಹೆಚ್ಚಾಗಿ ಈ ಕಾಲದಲ್ಲೇ ಎಲೆಯೊಳಗೆ ಹೊಸದಾಗಿ ತಯಾರಾಗುತ್ತದೆ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆದು, ಎಲೆ ಕಳಚಿ ಬೀಳುತ್ತದೆ. ಕೆಳಗಿನ ಕೊಂಬೆ ಇದ್ದರೆ ಅವನನ್ನು ಎತ್ತಿ ತೋರಿಸಿ: ಎಲೆ ಇದ್ದ ಜಾಗದಲ್ಲಿ ಒಂದು ಪುಟ್ಟ ಗಾಯದ ಗುರುತು, ಅದರ ಮೇಲೇ ಮುಂದಿನ ವರ್ಷದ ಮೊಗ್ಗು. ಆ ಮೊಗ್ಗನ್ನು ಬೆರಳಲ್ಲಿ ಮುಟ್ಟಿದ ಮಗು ಏಪ್ರಿಲ್‌ನಲ್ಲಿ ತಾನಾಗಿಯೇ ಅದೇ ಕೊಂಬೆ ನೋಡೋಕೆ ಹೋಗುತ್ತದೆ.

ಕೂರೋಕೇ ಆಗದ ದಿನ ನಡಿಗೆ. ಒಣಗಿದ ಎಲೆ ಜಾಸ್ತಿ ಬಿದ್ದಿರುವ ಕಡೆ ಮೊದಲು ಆನೆ ಥರ, ಜೋರಾಗಿ ಸದ್ದು ಮಾಡುತ್ತಾ. ಆಮೇಲೆ ಬೆಕ್ಕಿನ ಥರ, ಒಂದು ಚೂರೂ ಸದ್ದಾಗದಂತೆ. ಒಣ ಎಲೆ ಮೇಲೆ ಸದ್ದಿಲ್ಲದೆ ನಡೆಯೋದು ಎಷ್ಟು ಕಷ್ಟ ಅಂತ ನೀವೇ ಮಾಡಿ ನೋಡಿ. ಹಿಮ್ಮಡಿ ಎಲ್ಲಿ ಇಡ್ತೀನಿ, ಭಾರ ಯಾವಾಗ ಹಾಕ್ತೀನಿ ಅಂತ ಪೂರ್ತಿ ಮನಸ್ಸು ಪಾದಕ್ಕೆ ಇಳಿದುಬಿಡುತ್ತದೆ. ಕಣ್ಣು ಮುಚ್ಚಿಸಿ ಆ್ಯಪ್ ಕೇಳಿಸಿ ಸಿಗದೇ ಇದ್ದಿದ್ದು ಇದೇ ಅಲ್ವಾ?

ಪ್ರಶ್ನೆ: ಬಾಸ್ಟನ್ ಹತ್ತಿರ ಇದ್ದೇವೆ. ನೇರವಾಗಿ ಕೇಳ್ತೀನಿ, ಇದೆಲ್ಲ ಇಷ್ಟು ಚಿಕ್ಕ ಮಕ್ಕಳಿಗೆ ಕೆಲಸ ಮಾಡುತ್ತೆ ಅನ್ನೋಕೆ ಆಧಾರ ಇದೆಯಾ, ಇಲ್ಲ ಬರೀ ಫ್ಯಾಷನ್ನಾ?

ಒಳ್ಳೆಯ ಪ್ರಶ್ನೆ, ಎಲ್ಲ ಅಪ್ಪಂದಿರೂ ಕೇಳಬೇಕಾದ್ದು. ಇವತ್ತು ಎಲ್ಲೆಡೆ ಕಾಣುವ ಮೈಂಡ್‌ಫುಲ್‌ನೆಸ್ ತರಬೇತಿಯ ಒಂದು ದೊಡ್ಡ ಬೇರು ನಿಮ್ಮ ರಾಜ್ಯದಲ್ಲೇ ಇದೆ. 1979ರಲ್ಲಿ ವುಸ್ಟರ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅದನ್ನು ಶುರು ಮಾಡಿದ್ದು ವಾಸಿಯಾಗದ ನೋವು, ಒತ್ತಡದಿಂದ ಒದ್ದಾಡುತ್ತಿದ್ದ ದೊಡ್ಡವರಿಗಾಗಿ. ಅದನ್ನೇ ಚಿಕ್ಕದು ಮಾಡಿ ಮಕ್ಕಳ ಮೇಲೆ ಹೇರಿದರೆ ನಡೆಯೋದಿಲ್ಲ.

ಪ್ರಿಸ್ಕೂಲ್ ಮಕ್ಕಳ ಮೇಲೆ ನಡೆದ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸುವುದು ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ತಂಡದ್ದು, 2015ರಲ್ಲಿ ಪ್ರಕಟವಾಯಿತು. 68 ಮಕ್ಕಳು, 12 ವಾರ. ಗಮನದ ಆಟಗಳ ಜೊತೆ ದಯೆ, ಹಂಚಿಕೊಳ್ಳುವುದು ಇತ್ಯಾದಿ ಸೇರಿಸಿ ಕಲಿಸಿದರು. ಕಲಿತ ಮಕ್ಕಳು ಬೇರೆಯವರ ಜೊತೆ ಹೊಂದಿಕೊಳ್ಳುವುದರಲ್ಲಿ ಸುಧಾರಿಸಿದ್ದಾರೆ ಅಂತ ಟೀಚರುಗಳು ಗುರುತಿಸಿದರು. ಆದರೆ 68 ಅನ್ನೋದು ಚಿಕ್ಕ ಸಂಖ್ಯೆ. ಇನ್ನೊಂದು ಕಡೆ, ಬ್ರಿಟನ್ನಿನಲ್ಲಿ 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಜಾಸ್ತಿ ಮಕ್ಕಳ ಮೇಲೆ ಮಾಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಶಾಲೆಯಲ್ಲಿ ಎಲ್ಲರಿಗೂ ಒಟ್ಟಿಗೆ ಕಲಿಸಿದ ಮೈಂಡ್‌ಫುಲ್‌ನೆಸ್ ಪಾಠದಿಂದ ಮಾನಸಿಕ ಆರೋಗ್ಯದಲ್ಲಿ, ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಹಾಗಾಗಿ ಇದನ್ನು ಔಷಧಿ ಅಂದುಕೊಳ್ಳಬೇಡಿ. ಮಗುವಿನ ಜೊತೆ ನೀವು ಫೋನ್ ಇಲ್ಲದೆ, ಅವಸರ ಇಲ್ಲದೆ ಒಂದೇ ವಸ್ತುವನ್ನು ನೋಡುತ್ತೀರಲ್ಲ, ಅದಕ್ಕೆ ನಾನು ಬೆಲೆ ಕೊಡ್ತೀನಿ. ಚಿಕ್ಕ ಮಕ್ಕಳು ಗಮನ ಇಡೋದನ್ನು ಕಲಿಯುವುದು, ತಮಗೆ ಬೇಕಾದವರು ಎಲ್ಲಿ ಗಮನ ಇಡುತ್ತಾರೆ ಅಂತ ನೋಡಿಕೊಂಡೇ.

ಪ್ರಶ್ನೆ: ಮೇಡಂ, ನಾನು ಮೈಸೂರಿನವಳು. ಮಗಳ ಮನೆಗೆ ಆರು ತಿಂಗಳಿಗೆ ಅಂತ ಬಂದಿದ್ದೇನೆ. ಮೊಮ್ಮಗಳಿಗೆ ಮೂರೂವರೆ ವರ್ಷ. ಮಗಳು ಹೇಳೋ ಈ ಹೊಸ ಚಟುವಟಿಕೆಗಳೆಲ್ಲ ನನಗೆ ಬರಲ್ಲ. ನಾನೇನು ಮಾಡಿಸಬಹುದು?

ಅಮ್ಮಾ, ನಿಮ್ಮ ಹತ್ತಿರ ಇರುವುದು ಎಷ್ಟು ಅಂತ ನಿಮಗೇ ಗೊತ್ತಿಲ್ಲ.

ದೇವರ ಮನೆ ಗಂಟೆ ಇದೆಯಲ್ಲ, ಅದನ್ನು ಒಂದು ಸಲ ಮಾತ್ರ ಬಾರಿಸಿ. ಸದ್ದು ಪೂರ್ತಿ ನಿಂತಾಗ ಕೈ ಎತ್ತು ಪುಟ್ಟಿ ಅನ್ನಿ. ಮೊದಲ ದಿನ ತಕ್ಷಣ ಎತ್ತುತ್ತಾಳೆ. ಸ್ವಲ್ಪ ದಿನಕ್ಕೆ, ಅವಳ ಕೈ ನಿಮ್ಮ ಕೈಗಿಂತ ತಡವಾಗಿ ಮೇಲೆ ಬರುತ್ತದೆ, ಯಾಕಂದರೆ ಅವಳ ಕಿವಿಗೆ ಕೇಳಿಸುವಷ್ಟು ಸಣ್ಣ ಸದ್ದು ನಮ್ಮ ವಯಸ್ಸಿನವರಿಗೆ ಕೇಳಿಸುವುದಿಲ್ಲ.

ನೀವು ಬಂದಿರುವ ಕಾಲ ಶರದೃತು, ನವರಾತ್ರಿಯ ಕಾಲ. ಗೊಂಬೆ ಕೂರಿಸ್ತೀರಾ? ದೊಡ್ಡ ಹಂತ ಬೇಡ, ಪಟ್ಟದ ಗೊಂಬೆ ಜೊತೆ ನಾಲ್ಕಾರು ಗೊಂಬೆ ಸಾಕು. ದಿನಕ್ಕೊಂದು ಗೊಂಬೆ ಅವಳೇ ಬಟ್ಟೆ ಬಿಚ್ಚಿ ತೆಗೀಲಿ, ಎರಡೂ ಕೈಯಲ್ಲಿ ಹಿಡಿದು, ಏನು ಉಟ್ಟಿದೆ, ಬಣ್ಣ ಎಲ್ಲಿ ಹೋಗಿದೆ ಅಂತ ನೋಡಿ, ನಿಧಾನವಾಗಿ ಇಡಲಿ. ಒಡೆಯುವ ಗೊಂಬೆ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಹಂತದ ಮುಂದೆ ಪಾರ್ಕಿನ ಥರ ಮಾಡುತ್ತೇವಲ್ಲ, ಅಲ್ಲಿಗೆ ಅವಳು ಆರಿಸಿ ತಂದ ಕೆಂಪು ಎಲೆ, ಪೈನ್ ಕಾಯಿ ಜೋಡಿಸಲಿ.

ಆಮೇಲೆ ಕುಂಬಳಕಾಯಿ. ಅಲ್ಲಿ ಅಕ್ಟೋಬರ್‌ನಲ್ಲಿ ಎಲ್ಲಿ ನೋಡಿದರೂ ಅದೇ. ಕೆತ್ತೋಕೆ ಮಾರುವ ದೊಡ್ಡದು ಅಡುಗೆಗೆ ನೀರುನೀರು, ‘ಶುಗರ್ ಪಂಪ್ಕಿನ್’ ಅಂತ ಸಿಗುವ ಚಿಕ್ಕದನ್ನು ತನ್ನಿ. ನೀವು ಹೆಚ್ಚಿ ಕೊಡಿ, ಒಳಗಿನ ತಿರುಳು ಅವಳು ಕೈ ಹಾಕಿ ತೆಗೆಯಲಿ. ತಣ್ಣಗಿದೆ, ಲೋಳೆ ಲೋಳೆ, ನಾರು ಬೆರಳಿಗೆ ಸುತ್ತಿಕೊಳ್ಳುತ್ತದೆ, ಅದರ ನಡುವೆ ಬೀಜ ಜಾರಿ ಹೋಗುತ್ತದೆ. ಕೆಲವು ಮಕ್ಕಳಿಗೆ ಅಂಟು ಆಗೋದೇ ಇಲ್ಲ. ಅವಳು ಕೈ ಹಿಂದಕ್ಕೆ ಎಳೆದುಕೊಂಡರೆ ಒಂದು ಚಮಚ ಕೊಡಿ, ಒತ್ತಾಯ ಬೇಡ. ಬೀಜ ತೊಳೆದು ಬಾಣಲೆಯಲ್ಲಿ ಹುರಿಯುವಾಗ ಘಮ ಬಂದ ತಕ್ಷಣ ಹೇಳು ಅನ್ನಿ. ಹುರಿದ ಬೀಜ ನೀವು ತಿನ್ನಿ, ಅವಳಿಗೆ ಪಲ್ಯ ಸಾಕು, ಈ ವಯಸ್ಸಿಗೆ ಗಟ್ಟಿ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಇದೆಲ್ಲ ಕನ್ನಡದಲ್ಲೇ ಮಾತಾಡುತ್ತಾ ಮಾಡಿ. ನುಣುಪು, ಒರಟು, ಘಮ, ತಣ್ಣಗೆ, ಗರಿಗರಿ. ಈ ಮಾತುಗಳನ್ನು ಅಲ್ಲಿ ಅವಳಿಗೆ ಬೇರೆ ಯಾರು ಕೊಡ್ತಾರೆ?

ಪ್ರಶ್ನೆ: ನವೆಂಬರ್‌ನಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಮಗಳು ದಿನಾ ಸಂಜೆ ರಂಪ ಮಾಡ್ತಾಳೆ. “ಉಸಿರು ಎಳ್ಕೋ, ಬಿಡು” ಅಂದ್ರೆ ಇನ್ನೂ ಜೋರಾಗಿ ಕಿರುಚ್ತಾಳೆ.

ಕಿರುಚುವಾಗ ಹೇಳಬೇಡಿ. ಜೋರಾಗಿ ಅಳುತ್ತಿರುವ ಮಗುವಿಗೆ ಸೂಚನೆ ತಲೆಗೆ ಹೋಗೋದಿಲ್ಲ, ಅದೂ ಒಂದು ಬೈಗುಳವಾಗಿಯೇ ಕೇಳಿಸುತ್ತದೆ. ಪಕ್ಕದಲ್ಲಿ ಕೂತು ನೀವು ನಿಧಾನವಾಗಿ ಉಸಿರಾಡಿ, ಮಾತು ಕಡಿಮೆ ಮಾಡಿ. ಅವಳಿಗೆ ಬೇಕಿದ್ದರೆ ಅಪ್ಪಿಕೊಳ್ಳಿ.

ಉಸಿರಿನ ಆಟ ಖುಷಿಯಾಗಿದ್ದಾಗ ಆಡಿ. ಒಂದು ಒಣ ಎಲೆಯ ತೊಟ್ಟು ಹಿಡಿದು ಬಾಯಿ ಮುಂದೆ ಇಟ್ಟುಕೊಳ್ಳಲಿ. ಮೊದಲು ಪಟಪಟ ಅನ್ನುವ ಹಾಗೆ ಊದಲಿ, ಆಮೇಲೆ ಬರೀ ನಡುಗುವಷ್ಟು, ಎಷ್ಟು ಹೊತ್ತು ನಡುಗಿಸ್ತೀಯ ಅಂತ ಕೇಳಿ. ಉದ್ದ ಉಸಿರು ಬಿಡೋದು ತಾನಾಗಿಯೇ ಬಂತು. ಮಲಗುವಾಗ ಹೊಟ್ಟೆ ಮೇಲೆ ದೊಡ್ಡದೊಂದು ಎಲೆಯನ್ನೋ ಪುಟ್ಟ ಗೊಂಬೆಯನ್ನೋ ಇಟ್ಟು, ಅದು ಮೇಲೆ ಕೆಳಗೆ ಹೋಗೋದನ್ನು ನೋಡಲಿ.

ರಂಪಕ್ಕೆ ಅರ್ಧ ಕಾರಣ ಗಡಿಯಾರವೇ. ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ನ್ಯೂಜೆರ್ಸಿ, ಬಾಸ್ಟನ್ ಕಡೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆದರೆ ಅವಳ ಹೊಟ್ಟೆ, ನಿದ್ದೆ ಎರಡೂ ಹಳೆಯ ಸಮಯದಲ್ಲೇ ಇರುತ್ತವೆ. ಕೆಲವು ದಿನ ಊಟ ಬೇಗ ಕೊಡಿ, ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ನಿಧಾನವಾಗಿ ಹೊಸ ಸಮಯಕ್ಕೆ ಸರಿಸಿ. ಬೆಳಿಗ್ಗೆ ಹೊರಗಿನ ಬೆಳಕಿಗೆ ಕರ್ಕೊಂಡು ಹೋಗಿ. ಸ್ಕೂಲಿಂದ ಬಂದ ತಕ್ಷಣ, ಕತ್ತಲಾಗುವ ಮುಂಚೆ, ಮನೆ ಹೊರಗೆ ನಿಂತು ಹೆಬ್ಬಾತುಗಳ ಸದ್ದಿಗೆ ಕಿವಿ ಕೊಡಿ. ಈ ಕಾಲದಲ್ಲಿ ಕೆನಡಾ ಹೆಬ್ಬಾತುಗಳು ಬಾಣದ ತುದಿಯಂತೆ ಸಾಲುಗಟ್ಟಿ ಹಾರುತ್ತವೆ, ಮೊದಲು ಕೂಗು ಕೇಳಿಸುತ್ತದೆ, ಆಮೇಲೆ ಹಕ್ಕಿ ಕಾಣುತ್ತವೆ.

ಪ್ರಶ್ನೆ: ನಾವಿರೋದು ಬೆಂಗಳೂರಿನಲ್ಲಿ. ಪ್ಲೇಸ್ಕೂಲ್‌ನವರು ಅಕ್ಟೋಬರ್‌ನಲ್ಲಿ ‘ಆಟಮ್ ವೀಕ್’ ಅಂತ ಕಿತ್ತಳೆ ಬಣ್ಣದ ಕಾಗದದ ಎಲೆ ತರೋಕೆ ಹೇಳಿದ್ದಾರೆ. ಇಲ್ಲಿ ಮಳೆ ಬರ್ತಿದೆ!

ಕಾಗದದ ಎಲೆಗೆ ವಾಸನೆ ಇಲ್ಲ, ನರ ಇಲ್ಲ, ಅದರಲ್ಲಿ ಗಮನಿಸೋಕೆ ಏನಿದೆ? ಟೀಚರ್ ಹತ್ತಿರ ಒಂದು ಮಾತು ಆಡಿ ನೋಡಿ, ನಮ್ಮಲ್ಲಿ ಈಗ ಉದುರುವುದು ಹೂವು. ಬೆಳಗಿನ ಜಾವ ಪಾರಿಜಾತದ ಕೆಳಗೆ ಹೋದರೆ ಬಿಳಿ ಎಸಳು, ಕಿತ್ತಳೆ ತೊಟ್ಟಿನ ಹೂ ಹಾಸಿರುತ್ತದೆ. ಆ ತೊಟ್ಟನ್ನು ಬೆರಳಲ್ಲಿ ಉಜ್ಜಿದರೆ ಬಣ್ಣ ಅಂಟುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಆಕಾಶ ಮಲ್ಲಿಗೆ ರಸ್ತೆ ಮೇಲೆಲ್ಲ ಬಿದ್ದಿರುತ್ತದೆ, ಉದ್ದ ಕೊಳವೆಯ ಹೂ, ಅದರ ಘಮ ಮೂಸಿ ನೋಡಲಿ. ಎಲೆ ಉದುರುವುದನ್ನು ತೋರಿಸಬೇಕು ಅಂದರೆ ಜನವರಿ, ಫೆಬ್ರವರಿವರೆಗೆ ಕಾಯಿರಿ, ಕಾಡು ಬಾದಾಮಿಯ ಎಲೆ ಆಗ ಮರದಲ್ಲೇ ಕೆಂಪಾಗುತ್ತದೆ.

ಪ್ರಶ್ನೆ: ಎಲೆ ರಾಶಿಯಲ್ಲಿ ಆಡೋಕೆ ಬಿಡಬಹುದಾ? ರಕ್ತ ಹೀರುವ ಉಣ್ಣೆ ಹುಳ ಕಚ್ಚುತ್ತೆ ಅಂತ ಕೇಳಿದ್ದೀನಿ. (ನ್ಯೂಜೆರ್ಸಿಯಿಂದಲೇ ಇನ್ನೊಬ್ಬರು)

ಬಿಡಬಹುದು, ಆದರೆ ಎಚ್ಚರ ಬೇಕು. ಲೈಮ್ ಕಾಯಿಲೆ (ಜ್ವರ, ಕೀಲುನೋವು ತರುವ ಒಂದು ಸೋಂಕು) ಹರಡುವ ಜಿಂಕೆ ಉಣ್ಣೆ ಅಕ್ಟೋಬರ್, ನವೆಂಬರ್‌ನಲ್ಲೂ ಓಡಾಡುತ್ತದೆ. ಕಾಡಿನ ಅಂಚಿನ ಹಳೆಯ ರಾಶಿ ಬೇಡ, ಅಂಗಳದ ಮಧ್ಯದಲ್ಲಿ ಆಗಷ್ಟೇ ಗುಡಿಸಿದ್ದು ವಾಸಿ. ಒಳಗೆ ಬಂದ ಎರಡು ಗಂಟೆಯೊಳಗೆ ಸ್ನಾನ ಮಾಡಿಸಿ, ಕಿವಿ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕಳು, ಮೊಣಕಾಲಿನ ಹಿಂದೆ ನೋಡಿ. ಬಟ್ಟೆಯನ್ನು ಡ್ರೈಯರ್‌ನಲ್ಲಿ ಜೋರು ಬಿಸಿಯಲ್ಲಿ ಹತ್ತು ನಿಮಿಷ ಹಾಕಿ.

ಉಣ್ಣೆಗಿಂತ ಜನ ಮರೆಯುವುದು ಪಾಯಿಸನ್ ಐವಿ ಅನ್ನೋ ವಿಷದ ಬಳ್ಳಿಯನ್ನು. ಒಂದೇ ಕಡ್ಡಿಗೆ ಮೂರು ಎಲೆ, ಈ ಕಾಲದಲ್ಲಿ ಚೆಂದದ ಕೆಂಪು, ಮಗು ಮೊದಲು ಕೈ ಹಾಕೋದೇ ಅದಕ್ಕೆ. ಒಣಗಿದ ಮೇಲೂ ಅದರ ಎಣ್ಣೆ ಮೈಗೆ ತಾಗಿದರೆ ತುರಿಕೆ, ಗುಳ್ಳೆ. ಮುಟ್ಟಿದ ತಕ್ಷಣ ಸೋಪು ಹಾಕಿ ತೊಳೆಯಿರಿ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಓಕ್ ಕಾಯಿ ನೆಲದ ಮೇಲೆ ಬಿಡಬೇಡಿ, ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ, ದಿನಾಂಕ ಬರೆದಿಟ್ಟುಕೊಳ್ಳಿ, ಮಕ್ಕಳ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ.