ಜಾಗ ಬದಲಾದರೆ ಗೆಳೆಯರು ಬದಲಾಗುವುದಿಲ್ಲ

ಪ್ರಶ್ನೆ: ಮಗ ಒಂಬತ್ತನೇ ತರಗತಿ, ಗಣಿತದಲ್ಲಿ ತೀರಾ ಹಿಂದೆ. ಅವನ ಜೀವದ ಗೆಳೆಯನದೂ ಅಷ್ಟೇ ಅಂಕ. ಆ ಸ್ನೇಹ ಬಿಡು ಎಂದೆ. ಶಿಕ್ಷಕರಿಗೆ ಹೇಳಿ, ಚೆನ್ನಾಗಿ ಓದುವ ಹುಡುಗನ ಪಕ್ಕ ಕೂರಿಸಿದೆ. ಅಂಕ ಏರಲಿಲ್ಲ, ಮಗ ಮಾತು ಬಿಟ್ಟಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಕಳಕಳಿಯಲ್ಲಿ ತಪ್ಪಿಲ್ಲ. ಆದರೆ ಜಾಗ ಬದಲಿಸಿದರೆ ಪಕ್ಕದಲ್ಲಿ ಕೂರುವವರು ಬದಲಾಗುತ್ತಾರೆ, ಅಷ್ಟೇ. ಜಾಣ ಹುಡುಗನ ಪಕ್ಕದಲ್ಲಿ ನಿಮ್ಮ ಮಗ ಈಗ ಲೆಕ್ಕ ಅರ್ಥವಾಗದಿದ್ದರೂ ತಲೆಯಾಡಿಸಿ, ತನ್ನ ಪುಸ್ತಕವನ್ನು ಮೊಣಕೈಯಿಂದ ಮರೆಮಾಡಿಕೊಳ್ಳುತ್ತಿರಬಹುದು. ಹಳೆಯ ಗೆಳೆಯನ ಮುಂದೆ ಆ ಸಂಕೋಚ ಇದ್ದಿರಲಾರದು.

ಸಹಪಾಠಿಗಳಿಂದ ಓದು ಸುಧಾರಿಸುವುದು ನಿಜ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ, ಕಲನಶಾಸ್ತ್ರದಲ್ಲಿ (ಕ್ಯಾಲ್ಕುಲಸ್) ಕಪ್ಪು ವರ್ಣೀಯ ವಿದ್ಯಾರ್ಥಿಗಳು ಏಕೆ ಹಿಂದುಳಿಯುತ್ತಾರೆ, ಚೀನೀ ಮೂಲದವರು ಏಕೆ ಮುಂದಿರುತ್ತಾರೆ ಎಂದು ಹತ್ತಿರದಿಂದ ಗಮನಿಸಿದರು. ಹಿಂದುಳಿದವರು ಸೋಮಾರಿಗಳಾಗಿರಲಿಲ್ಲ, ಶ್ರಮಪಟ್ಟೇ ಓದುತ್ತಿದ್ದರು, ಆದರೆ ಒಂಟಿಯಾಗಿ. ಮುಂದಿದ್ದವರು ಮೊದಲು ತಾವೇ ಲೆಕ್ಕ ಬಿಡಿಸಿ, ಆಮೇಲೆ ಒಟ್ಟಿಗೆ ಕೂತು ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಕಠಿಣ ಲೆಕ್ಕಗಳನ್ನು ಕೊಟ್ಟು ಗುಂಪಾಗಿ ಕೂರಿಸುವ ಕಾರ್ಯಾಗಾರವನ್ನು ಟ್ರೈಸ್‌ಮನ್ ಆರಂಭಿಸಿದ ಮೇಲೆ, ಅದಕ್ಕೆ ಬಂದ ಕಪ್ಪು ವಿದ್ಯಾರ್ಥಿಗಳ ಅಂಕಗಳು ಏರಿದವು. ಮೊದಲು ತಾನೇ, ನಂತರ ಜೊತೆಯಲ್ಲಿ. ಈ ಕ್ರಮ ತಪ್ಪಿದರೆ ಗುಂಪು ಓದು ಬರೀ ನಕಲಿನ ಕೂಟ.

ಹಳೆಯ ಗೆಳೆಯನ ಬಗ್ಗೆ ನೀವು ಬರೆದಿರುವುದು ಅಂಕವನ್ನಷ್ಟೇ. ಅವನು ತರಗತಿ ತಪ್ಪಿಸುತ್ತಾನೆಯೇ? ಓದುವವರನ್ನು ಗೇಲಿ ಮಾಡುತ್ತಾನೆಯೇ? ಹಾಗಿದ್ದರೆ ನಿಮ್ಮ ಆತಂಕಕ್ಕೆ ಅರ್ಥವಿದೆ. ಈ ವಯಸ್ಸಿನಲ್ಲಿ ಗೆಳೆಯನ ಒಂದು ಗೇಲಿಯ ಮುಂದೆ ಹೆತ್ತವರ ಬುದ್ಧಿವಾದ ನಿಲ್ಲುವುದು ಕಷ್ಟ. ಅಂಕ ಕಡಿಮೆ ಎಂಬುದೊಂದೇ ದೂರಾದರೆ ಅವನನ್ನೂ ಮನೆಗೆ ಕರೆಯಿರಿ. ನಿಮ್ಮ ಮಗನಿಗೆ ಚೆನ್ನಾಗಿ ಬರುವ ಪಾಠವನ್ನು ಅವನಿಗೆ ಹೇಳಿಕೊಡಲಿ. ಹೇಳಿಕೊಡುವವನಿಗೂ ಪಾಠ ಗಟ್ಟಿಯಾಗುತ್ತದೆ. ಗಣಿತ ಬಲ್ಲ ಮೂರನೆಯವನೊಬ್ಬ ಬೇಕೇ ಬೇಕು, ಆದರೆ ಅವನನ್ನು ಹುಡುಗರೇ ಆರಿಸಿಕೊಳ್ಳಲಿ. ನೀವು ಆರಿಸಿದ್ದರ ಫಲ ನೋಡಿದ್ದೀರಲ್ಲ!

ಇನ್ನು ಮಗನ ಮುನಿಸು. “ನಿನ್ನನ್ನು ಕೇಳದೆ ಜಾಗ ಬದಲಿಸಿದ್ದು ಸರಿಯಲ್ಲ” ಎಂದು ನೇರವಾಗಿ ಹೇಳಿ. ಅದರ ಬೆನ್ನಿಗೇ “ಆದರೆ” ಎಂದು ರಾಗ ಎಳೆಯಬೇಡಿ. ಎಲ್ಲಿ ಕೂರಬೇಕೆಂಬುದನ್ನು ಈ ಬಾರಿ ಅವನೇ ಶಿಕ್ಷಕರ ಬಳಿ ಮಾತನಾಡಲಿ.